ಮಗುವಿಗೆ ಗೊತ್ತಾಗದಂತೆ ತಿನ್ನಿಸುವ ವಿದ್ಯೆ



ಮೂವತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಎಪ್ಪತ್ತೈದನೆಯ ವಯಸ್ಸಿನಲ್ಲಿ ಸೌಟು ಹಿಡಿಯುವ ಯೋಗ ಬಂತು. ಕಳೆದ ಮಳೆಗಾಲದಲ್ಲಿ ನಾವಿಬ್ಬರೂ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ ನಮ್ಮ ಮನೆಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರ್. ಮಗಳು ಅಳಿಯ ಇಬ್ಬರಿಗೂ ಕಚೇರಿ. ಮೊಮ್ಮಗಳಿಗೆ ಆರು ವರ್ಷ. ಅವಳ ಶಾಲೆಯ ವ್ಯಾನು ಬೆಳಿಗ್ಗೆ ಏಳೂ ಮುಕ್ಕಾಲಿಗೆ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಎರಡು ಡಬ್ಬಿ ತುಂಬಬೇಕು. "ನಾನಿದ್ದೇನಲ್ಲ" ಎಂದು ಎದೆ ತಟ್ಟಿಕೊಂಡು ಹೇಳಿಬಿಟ್ಟೆ. ಹೇಳಿದ ಮೇಲೆ ಹೊಳೆಯಿತು, ನನಗೆ ಬರುವುದು ಉಪ್ಪಿಟ್ಟು, ಚಿತ್ರಾನ್ನ ಮತ್ತು ಕಾಫಿ ಮಾತ್ರ ಎಂದು.

ಆದ್ದರಿಂದ ನಿಮ್ಮ ಮೇಷ್ಟರು ಅಂತರ್ಜಾಲದ ಮೊರೆಹೊಕ್ಕರು. ಮಕ್ಕಳಿಗೆ ಇಷ್ಟವಾಗುವ ಆರೋಗ್ಯಕರ ತಿಂಡಿಗಳು ಎಂದು ಬರೆದು ಗುಂಡಿ ಒತ್ತಿದ್ದೇ ತಡ, ಒಂದು ಜನ್ಮಕ್ಕೆ ಸಾಲದಷ್ಟು ಪುಟಗಳೂ ವಿಡಿಯೊಗಳೂ ಸಾಲುಗಟ್ಟಿ ನಿಂತವು. ಆರು ವಾರಗಳಲ್ಲಿ ನಾನು ಅವುಗಳಲ್ಲಿ ಎಷ್ಟನ್ನು ಓದಿದೆ, ಎಷ್ಟನ್ನು ನೋಡಿದೆ ಎಂಬ ಲೆಕ್ಕ ಇಟ್ಟಿಲ್ಲ. ಆದರೆ ಹೀಗೆ ಓದಿ, ಮಾಡಿ, ತಿನ್ನಿಸಿ, ಕೊನೆಗೆ ಆರು ವರ್ಷದ ಮಗುವಿನ ಮುಂದೆ ತಲೆ ತಗ್ಗಿಸಿ ನಿಂತ ಮೇಲೆ ನನ್ನೊಳಗೆ ಹುಟ್ಟಿದ ಸಿಟ್ಟನ್ನು ಇಲ್ಲಿ ಇಳಿಸಿಕೊಳ್ಳದೆ ನನಗೆ ಸಮಾಧಾನವಿಲ್ಲ. ನಿಮ್ಮಲ್ಲಿ ಅನೇಕರು ಈಗ ತಾಯಿ ತಂದೆಯರು. ನಾಲ್ಕೈದು ಜನ ಅಜ್ಜಿ ತಾತಂದಿರೂ ಆಗಿದ್ದೀರಿ ಎಂದು ಕೇಳಿದ್ದೇನೆ. ಆದ್ದರಿಂದ ಇದು ನಿಮಗೂ ಸಂಬಂಧಿಸಿದ ಮಾತು.

ಮೊದಲು ತಲೆ ತಗ್ಗಿಸಿದ ಪ್ರಸಂಗವನ್ನೇ ಹೇಳಿಬಿಡುತ್ತೇನೆ.

ನಮ್ಮ ಪುಟ್ಟಿ ಬೀಟ್‌ರೂಟ್ ಮುಟ್ಟುವವಳಲ್ಲ. ತಟ್ಟೆಯ ಅಂಚಿನಲ್ಲಿ ಬಣ್ಣ ಕಂಡರೆ ಸಾಕು, ತಟ್ಟೆಯನ್ನೇ ದೂರ ತಳ್ಳುತ್ತಾಳೆ. ನಾನು ಕಂಡ ಒಂದು ವಿಡಿಯೊದಲ್ಲಿ ಇದಕ್ಕೆ ದಿವ್ಯೌಷಧವಿತ್ತು. ಬೀಟ್‌ರೂಟನ್ನು ಬೇಯಿಸಿ, ನುಣ್ಣಗೆ ರುಬ್ಬಿ, ಬಾಳೆಹಣ್ಣು, ಗೋಧಿ ಹಿಟ್ಟು, ಬೆಲ್ಲ ಸೇರಿಸಿ, ಮೇಲೆ ಎರಡು ಚಮಚ ಕೋಕೋ ಪುಡಿ ಹಾಕಿದರೆ ಕೆಂಪು ಬಣ್ಣ ಕಂದಿನಲ್ಲಿ ಮುಳುಗಿಹೋಗುತ್ತದೆ. ದೋಸೆ ಹುಯ್ದು, ಚಾಕೊಲೇಟ್ ದೋಸೆ ಎಂದು ಕೊಡಿ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ ಎಂದು ಆ ಮಹಾತಾಯಿ ನಗುನಗುತ್ತ ಹೇಳಿದರು. ಹಾಗೆಯೇ ಮಾಡಿದೆ. ಪುಟ್ಟಿ ಮೂಸಿ ನೋಡಿ, "ತಾತ, ಇದು ಏನು?" ಎಂದು ಕೇಳಿದಳು. "ಚಾಕೊಲೇಟು" ಎಂದೆ. ಡಬ್ಬಿ ಖಾಲಿಯಾಗಿ ಬಂತು. ಮೂರು ದಿನ ಇದೇ ವಿಜಯೋತ್ಸವ. ನಾನು ಮಗಳ ಮುಂದೆ ಮೀಸೆ ತಿರುವಿದ್ದೂ ಉಂಟು.

ನಾಲ್ಕನೆಯ ದಿನ ಬೆಳಿಗ್ಗೆ ಶೌಚಾಲಯದಿಂದ ಮಗುವಿನ ಕಿರುಚಾಟ ಕೇಳಿಸಿತು. "ಅಮ್ಮಾ, ರಕ್ತ!" ಮಗಳು ಕೈಯಲ್ಲಿದ್ದ ಲ್ಯಾಪ್‌ಟಾಪನ್ನು ಮಂಚದ ಮೇಲೆ ಎಸೆದು ಓಡಿದಳು. ಅಳಿಯ ಕಾರಿನ ಕೀಲಿ ಹುಡುಕತೊಡಗಿದ. ನಮ್ಮ ಮನೆಯವರು ಮುರಿದ ಕೈಯನ್ನು ಎತ್ತಿಕೊಂಡು ದೇವರಿಗೆ ಹರಕೆ ಕಟ್ಟಿದರು. ವಿಜ್ಞಾನದ ಮೇಷ್ಟರಾದ ನನಗೆ ಒಂದು ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಬೀಟ್‌ರೂಟಿನ ಕೆಂಪು ಬಣ್ಣ ಜೀರ್ಣಾಂಗದಲ್ಲಿ ಪೂರ್ತಿ ಒಡೆಯದೆ ಕೆಲವರಲ್ಲಿ ಮಲಮೂತ್ರದೊಂದಿಗೆ ಹೊರಬರುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಇಷ್ಟನ್ನು ವಿವರಿಸಬೇಕಾದರೆ ದೋಸೆಯ ಗುಟ್ಟನ್ನೂ ಬಿಚ್ಚಬೇಕಾಯಿತು. ಮಗಳು ನಿಟ್ಟುಸಿರು ಬಿಟ್ಟು ನಕ್ಕಳು. ಅಳಿಯನೂ ನಕ್ಕ. ಪುಟ್ಟಿ ನಗಲಿಲ್ಲ. "ನಾನು ಕೇಳಿದಾಗ ನೀನು ಚಾಕೊಲೇಟು ಅಂತ ಹೇಳಿದೆಯಲ್ಲ ತಾತ?" ಎಂದಳು.

ನಿಮ್ಮಲ್ಲಿ ಯಾರಾದರೂ ಮನೆಕೆಲಸ ಮಾಡದೆ ಬಂದು ಪುಸ್ತಕ ಕಳೆದುಹೋಯಿತೆಂದು ಹೇಳಿದಾಗ ನಾನು ಎಂತಹ ಮುಖ ಮಾಡುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು. ಆ ಬೆಳಿಗ್ಗೆ ಪುಟ್ಟಿಯ ಮುಖ ಹಾಗಿತ್ತು.

ಇದರ ಪರಿಣಾಮ ಮುಂದೆ ಸುಮಾರು ಎರಡು ವಾರ ನಡೆಯಿತು. ಇಡ್ಲಿ ಕೊಟ್ಟರೆ ಒಡೆದು ಒಳಗೆ ನೋಡುತ್ತಿದ್ದಳು. ಮೊಸರನ್ನವನ್ನು ಬೆರಳಿನಿಂದ ಕೆದಕುತ್ತಿದ್ದಳು. ಮೊದಲು ಇಷ್ಟಪಟ್ಟು ತಿನ್ನುತ್ತಿದ್ದ ರಾಗಿ ದೋಸೆಯ ಬಣ್ಣವೂ ಕಂದಾದ್ದರಿಂದ ಅದೂ ಬಹಿಷ್ಕಾರಕ್ಕೆ ಒಳಗಾಯಿತು. ಒಂದು ತರಕಾರಿಯನ್ನು ಕದ್ದು ಒಳಗೆ ಕಳಿಸಲು ಹೋಗಿ ಅವಳು ನಂಬಿದ್ದ ನಾಲ್ಕು ತಿಂಡಿಗಳನ್ನು ಕಳೆದುಕೊಂಡೆವು. ಬೀಟ್‌ರೂಟ್ ಅವಳಿಗೆ ಮೊದಲು ಬರಿಯ ಬೇಡದ ತರಕಾರಿಯಾಗಿತ್ತು. ಈಗ ಅದು ವೇಷ ಮರೆಸಿಕೊಂಡು ಬರುವ ಶತ್ರುವಾಯಿತು.

ನನ್ನ ತಕರಾರಿನ ಮೂಲ ಇದು. ತರಕಾರಿ ಎಂದರೆ ಬಚ್ಚಿಡಬೇಕಾದ ವಸ್ತು, ಸಿಹಿ ಎಂದರೆ ಮುಂದಕ್ಕೆ ಚಾಚಬೇಕಾದ ಮುಖ ಎಂಬ ಪಾಠವನ್ನು ಈ ಮಕ್ಕಳ ಪಾಕಗಳು ಮೊದಲ ತುತ್ತಿನಿಂದಲೇ ಕಲಿಸುತ್ತವೆ. ಮಗು ಆ ಪಾಠವನ್ನು ಚೆನ್ನಾಗಿಯೇ ಕಲಿಯುತ್ತದೆ. ಬೀಟ್‌ರೂಟನ್ನು ಚಾಕೊಲೇಟೆಂದು ತಿಂದ ಮಗು ಬೀಟ್‌ರೂಟನ್ನು ಕಲಿಯುವುದಿಲ್ಲ, ಚಾಕೊಲೇಟನ್ನೇ ಇನ್ನಷ್ಟು ಕಲಿಯುತ್ತದೆ.

ಸೊಪ್ಪು ತರಕಾರಿಯನ್ನು ಹಿಟ್ಟಿನಲ್ಲಿ ಬೆರೆಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಸೊಪ್ಪು ಬೀಳುತ್ತದೆ, ರಾಗಿ ರೊಟ್ಟಿಗೆ ನುಗ್ಗೆ ಸೊಪ್ಪು ಬೀಳುತ್ತದೆ, ನುಚ್ಚಿನುಂಡೆಗೂ ಸಬ್ಬಸಿಗೆ ಬೇಕೇ ಬೇಕು. ಮಸ್ಸೊಪ್ಪಿನಲ್ಲಿ ನಾಲ್ಕು ಬಗೆಯ ಸೊಪ್ಪನ್ನು ಮಸೆದು ಗುರುತೇ ಸಿಗದಂತೆ ಮಾಡುತ್ತಾರೆ. ಆದರೆ ಯಾವ ಅಜ್ಜಿಯೂ ಮಸ್ಸೊಪ್ಪನ್ನು ಬಡಿಸಿ ಇದು ಪಾಯಸ ಎಂದು ಹೇಳಲಿಲ್ಲ. ರೊಟ್ಟಿಯ ಮೇಲೆ ಹಸಿರು ಎದ್ದು ಕಾಣುತ್ತದೆ, ಮೂಗಿಗೂ ಬಡಿಯುತ್ತದೆ. ತಿನ್ನುವವರಿಗೆ ಏನು ತಿನ್ನುತ್ತಿದ್ದೇವೆಂದು ತಿಳಿದಿರುತ್ತದೆ.

ಇನ್ನು ಆರೋಗ್ಯಕರ ಎಂಬ ಪದದ ವಿಚಾರ. ಇದರಷ್ಟು ಅಗ್ಗವಾದ ಪದ ಇಂದು ಬೇರೊಂದಿಲ್ಲ. ಸಕ್ಕರೆ ಇಲ್ಲದ ರಾಗಿ ಕೇಕ್ ಎಂಬ ತಲೆಬರಹದಡಿಯಲ್ಲಿ ನಾನು ಓದಿದ ಒಂದು ಪಾಕದಲ್ಲಿ ಹನ್ನೆರಡು ತುಂಡುಗಳಿಗೆ 200 ಗ್ರಾಂ ಬೆಲ್ಲವಿತ್ತು. ಸ್ವಲ್ಪ ಲೆಕ್ಕ ಮಾಡೋಣ (ಹಳೆಯ ಅಭ್ಯಾಸ, ಕ್ಷಮಿಸಿ). ತುಂಡೊಂದಕ್ಕೆ ಸುಮಾರು 17 ಗ್ರಾಂ ಬೆಲ್ಲ. ಬೆಲ್ಲದಲ್ಲಿರುವ ನೀರನ್ನೂ ಖನಿಜಗಳನ್ನೂ ಕಳೆದರೂ 14 ಗ್ರಾಂ ಸಕ್ಕರೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆಹಾರಕ್ಕೆ ಸೇರಿಸಿದ ಸಕ್ಕರೆ, ಜೇನುತುಪ್ಪ, ಪಾನಕ, ಹಣ್ಣಿನ ರಸ ಇವುಗಳಲ್ಲಿರುವ ಸಕ್ಕರೆಯೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ನೂರಕ್ಕೆ 10 ಭಾಗವನ್ನು ಮೀರಬಾರದು. 5 ಭಾಗಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದು. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1360 ಕಿಲೊಕ್ಯಾಲರಿ ಬೇಕೆಂಬುದು ನಮ್ಮ ಐ.ಸಿ.ಎಂ.ಆರ್. 2020ರಲ್ಲಿ ನೀಡಿದ ಅಂಕಿ. ಅದರ 5 ಭಾಗವೆಂದರೆ 17 ಗ್ರಾಂ, 10 ಭಾಗವೆಂದರೆ 34 ಗ್ರಾಂ. ಅಂದಮೇಲೆ ಆ ಸಕ್ಕರೆ ಇಲ್ಲದ ಕೇಕಿನ ಎರಡು ತುಂಡು ತಿಂದ ಮಗು 28 ಗ್ರಾಂ ಸಕ್ಕರೆ ತಿಂದಾಯಿತು. ಇನ್ನು ಸಂಜೆಯ ಹಾಲಿಗೆ ಹಾಕುವ ಪುಡಿ, ಬಿಸ್ಕತ್ತು ಇವು ಲೆಕ್ಕಕ್ಕೆ ಬಂದೇ ಇಲ್ಲ.

ಬೆಲ್ಲ ನನಗೂ ಪ್ರಿಯವೇ. ಹೋಳಿಗೆಗೆ ಬೆಲ್ಲವಲ್ಲದೆ ಸಕ್ಕರೆ ಹಾಕಿದರೆ ನಾನು ಎಲೆಯಿಂದ ಏಳುವವನು. ಅದರಲ್ಲಿ ಸ್ವಲ್ಪ ಕಬ್ಬಿಣದ ಅಂಶವಿದೆ ಎಂಬುದೂ ನಿಜ. ಆದರೆ ಮಗುವಿಗೆ ಬೇಕಾದ ಕಬ್ಬಿಣವನ್ನು ಬೆಲ್ಲದಿಂದಲೇ ಕೊಡಲು ಹೊರಟರೆ ಮೊದಲು ಹಲ್ಲಿನ ವೈದ್ಯರ ಮನೆಯ ದಾರಿ ಹಿಡಿಯಬೇಕಾಗುತ್ತದೆ. ಹೋಳಿಗೆಯನ್ನು ಹೋಳಿಗೆಯೆಂದು ಹಬ್ಬದ ದಿನ ತಿನ್ನೋಣ. ಸಿಹಿಯನ್ನು ಔಷಧಿಯ ಹೆಸರಿನಲ್ಲಿ ದಿನವೂ ತಿನ್ನಿಸುವುದು ಯಾವ ನ್ಯಾಯ?

ರಾಗಿಯ ಪಾಡು ನೋಡಿ ನನಗೆ ಇನ್ನೂ ಬೇಸರವಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ನಮ್ಮ ಧಾನ್ಯಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ ಬಡವರ ಹಗೇವು ತುಂಬಿಸಿದರು ಎಂದು ನಾನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿದ್ದೀತು. ಅಂತಹ ರಾಗಿ ಈಗ ಕೋಕೋ, ಬೆಲ್ಲ, ಬೆಣ್ಣೆಗಳ ನಡುವೆ ನಾಲ್ಕು ಚಮಚ ಸೇರಿಕೊಂಡು ಇಡೀ ಕೇಕಿಗೆ ಆರೋಗ್ಯದ ಪ್ರಮಾಣಪತ್ರ ಬರೆದುಕೊಡುವ ಗುಮಾಸ್ತನಾಗಿದೆ.

ಇದಕ್ಕಿಂತಲೂ ಗಂಭೀರವಾದ ಒಂದು ಮಾತಿದೆ. ಎಂಟು ತಿಂಗಳ ಕೂಸಿಗೆಂದು ಬರೆದಿದ್ದ ಒಂದು ಗಂಜಿಯ ಪಾಕದ ಕೊನೆಯಲ್ಲಿ ರುಚಿಗೆ ಒಂದು ಚಮಚ ಜೇನುತುಪ್ಪ ಎಂದಿತ್ತು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಕೊಡಲೇಬಾರದು. ಅದರಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆಯನ್ನು ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆದುಕೊಳ್ಳುತ್ತದೆ, ಕೂಸಿನ ಕರುಳಿಗೆ ಆ ಶಕ್ತಿ ಇರುವುದಿಲ್ಲ. ಅವು ಅಲ್ಲಿ ಬೆಳೆದು ವಿಷ ಉಂಟುಮಾಡಿ ಸ್ನಾಯುಗಳನ್ನು ಸೋಲಿಸುತ್ತವೆ, ಉಸಿರಾಟಕ್ಕೂ ಅಪಾಯ ತರಬಹುದು. ಕುದಿಸಿದರೂ ಆ ಬೀಜಕಗಳು ಸಾಯುವುದಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಹಚ್ಚುವ ಪದ್ಧತಿ ನಮ್ಮ ಮನೆಗಳಲ್ಲೂ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು. ತಪ್ಪಿತ್ತು, ಬಿಟ್ಟೆವು. ಹಳೆಯದೆಲ್ಲ ಸರಿ ಎಂದು ವಾದಿಸಲು ನಾನು ಕುಳಿತಿಲ್ಲ. ಆದರೆ ಸುಂದರವಾದ ಬಟ್ಟಲಿನಲ್ಲಿ, ಮರದ ಚಮಚದ ಪಕ್ಕದಲ್ಲಿ ಛಾಯಾಚಿತ್ರ ತೆಗೆದು ಹಾಕಿದ ಮಾತ್ರಕ್ಕೆ ಅದೇ ತಪ್ಪು ಸರಿಯಾಗುವುದಿಲ್ಲ.

ಆರೋಗ್ಯ ಎಂಬ ಹೆಸರಿನ ಈ ದುರುಪಯೋಗಕ್ಕೆ ಸರ್ಕಾರವೇ ಒಮ್ಮೆ ಕಡಿವಾಣ ಹಾಕಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು, ಹಾಲಿಗೆ ಬೆರೆಸುವ ಪುಡಿಗಳನ್ನೂ ಇತರ ಪಾನೀಯಗಳನ್ನೂ ಆರೋಗ್ಯ ಪೇಯಗಳೆಂಬ ವರ್ಗದಡಿ ಇಟ್ಟು ಮಾರಬಾರದೆಂದು ಅಂತರ್ಜಾಲದ ಅಂಗಡಿಗಳಿಗೆ ಸೂಚಿಸಿತು. ಕಾರಣ ಬಹಳ ಸರಳ: ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆರೋಗ್ಯ ಪೇಯ ಎಂಬ ವರ್ಗವೇ ಇಲ್ಲ. ಪುಡಿಗೆ ಕಾನೂನಾದರೂ ಇದೆ. ಪಾಕಕ್ಕೆ ಯಾರನ್ನು ಕೇಳೋಣ?

ಮಕ್ಕಳಿಗೆ ಇಷ್ಟವಾಗುವ ಎಂಬ ಇನ್ನೊಂದು ವಿಶೇಷಣವೂ ನನಗೆ ಒಗಟಾಗಿದೆ. ಮಕ್ಕಳ ಅಡುಗೆ ಎಂಬ ಬೇರೆ ಅಡುಗೆ ಯಾವಾಗ ಹುಟ್ಟಿತು? ನಮ್ಮ ಕಡೆ, ತಿಪಟೂರಿನ ಸೀಮೆಯಲ್ಲಿ, ಮಗುವಿಗೆ ಖಾರ ಕಡಿಮೆ ಮಾಡುತ್ತಿದ್ದರು, ಮುದ್ದೆಯನ್ನು ಸಣ್ಣದಾಗಿ ಮುರಿದು ಕೊಡುತ್ತಿದ್ದರು, ಸಾರಿಗೆ ಒಂದು ಮಿಳ್ಳೆ ತುಪ್ಪ ಬಿಡುತ್ತಿದ್ದರು. ಬಸ್ಸಾರು ಎಲ್ಲರಿಗೂ ಅದೇ. ಅವರೆಕಾಳಿನ ಕಾಲದಲ್ಲಿ ಮನೆಯಲ್ಲಿ ಮೂರು ತಿಂಗಳು ಅವರೆಯೇ, ಬೇಡವೆಂದವರಿಗೆ ಹುರುಳಿ.

1970ರ ದಶಕದಲ್ಲಿ, ನಾನಿನ್ನೂ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದಾಗ, ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟನ್ನು ನಾನೇ ನಿಂತು ಬಡಿಸಿದ್ದೇನೆ. ನಿಮ್ಮಲ್ಲಿ ಹಿರಿಯರಾದವರಿಗೆ ಅದರ ವಾಸನೆ ಇನ್ನೂ ಮೂಗಿನಲ್ಲಿರಬೇಕು. ಬಣ್ಣ ಹಳದಿ, ಒಗ್ಗರಣೆ ಹೆಸರಿಗೆ ಮಾತ್ರ. ಯಾವ ಮಗುವಿಗೂ ಇಷ್ಟವಾಗಲೆಂದು ಅದನ್ನು ಯಾರೂ ರೂಪಿಸಿರಲಿಲ್ಲ. ಆದರೂ ಮೊದಲ ದಿನ ಮುಖ ಸಿಂಡರಿಸಿದ ಹುಡುಗ ಮೂರನೆಯ ದಿನ ಪಕ್ಕದವನ ಎಲೆ ನೋಡುತ್ತಿದ್ದ. ಹಸಿವಿತ್ತು, ನಿಜ. ಹಸಿದವರು ತಿಂದರೆಂದು ಹಸಿವನ್ನೇ ಹೊಗಳುವ ದುಷ್ಟತನ ನನಗೆ ಬೇಡ. ಆ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುವುದಿಲ್ಲ ಎಂಬುದನ್ನೂ ನಾನು ಕಂಡಿದ್ದೇನೆ, ಅದಕ್ಕಾಗಿ ಊರಿನವರೊಡನೆ ಜಗಳವನ್ನೂ ಆಡಿದ್ದೇನೆ. ಆದರೆ ಹಸಿವಿನ ಜೊತೆಗೆ ಇನ್ನೊಂದು ಸಂಗತಿಯೂ ಅಲ್ಲಿ ಕೆಲಸ ಮಾಡುತ್ತಿತ್ತು. 2007ರಲ್ಲಿ ಅಕ್ಷರ ದಾಸೋಹ ನಮ್ಮ ಪ್ರೌಢಶಾಲೆಗೂ ಬಂದಾಗ, ಮನೆಯಲ್ಲಿ ಹೊಟ್ಟೆ ತುಂಬಾ ತಿಂದು ಬಂದ ಅನುಕೂಲಸ್ಥರ ಮಕ್ಕಳೂ, ಮನೆಯಲ್ಲಿ ಸೋರೆಕಾಯಿ ಕಂಡರೆ ಓಡುವವರೂ, ಸಾಲಿನಲ್ಲಿ ಕುಳಿತು ಸೋರೆಕಾಯಿ ಸಾಂಬಾರನ್ನು ಎರಡನೆಯ ಸಲ ಹಾಕಿಸಿಕೊಂಡದ್ದನ್ನು ನೋಡಿದೆ. ಒಬ್ಬ ತಾಯಿ ನನ್ನ ಬಳಿ ಬಂದು, "ಸಾರ್, ನಿಮ್ಮ ಶಾಲೆಯ ಸಾಂಬಾರಿಗೆ ಏನು ಹಾಕುತ್ತಾರೆ?" ಎಂದು ಕೇಳಿದ್ದರು.

ಏನೂ ಹಾಕುತ್ತಿರಲಿಲ್ಲ. ಪಕ್ಕದಲ್ಲಿ ಗೆಳೆಯನನ್ನು ಕೂರಿಸುತ್ತಿದ್ದರು, ಅಷ್ಟೆ. ಇದಕ್ಕೆ ಶಾಸ್ತ್ರೀಯ ಆಧಾರವೂ ಇದೆಯೆಂದು ಬಹಳ ಕಾಲದ ನಂತರ ಓದಿ ತಿಳಿದೆ. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಬರ್ಚ್ ಅವರು ಒಂದು ತರಕಾರಿಯನ್ನು ಇಷ್ಟಪಡುವ ಪುಟ್ಟ ಮಗುವನ್ನು ಬೇರೆ ತರಕಾರಿಯನ್ನು ಇಷ್ಟಪಡುವ ಮೂರು ನಾಲ್ಕು ಮಕ್ಕಳ ಜೊತೆ ಊಟಕ್ಕೆ ಕೂರಿಸಿ ನೋಡಿದರು. ಕೆಲವೇ ದಿನಗಳಲ್ಲಿ ಆ ಮಗುವಿನ ಆಯ್ಕೆಯೂ ಅತ್ತ ವಾಲಿತು. ಇದು 1980ರಲ್ಲಿ ಪ್ರಕಟವಾದ ಅಧ್ಯಯನ. ಹೊಸ ರುಚಿಯೊಂದನ್ನು ಒಪ್ಪಿಕೊಳ್ಳಲು ಮಗುವಿಗೆ ಅದು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಎದುರಾಗಬೇಕಾಗುತ್ತದೆ ಎಂಬುದನ್ನೂ ಅವರು ಮತ್ತು ಅವರ ನಂತರದವರು ತೋರಿಸಿದ್ದಾರೆ. ಬಚ್ಚಿಟ್ಟ ತರಕಾರಿ ಎದುರಾಗುವುದೆಂತು? ನೂರು ಸಲ ಬಚ್ಚಿಟ್ಟು ತಿನ್ನಿಸಿದರೂ ಲೆಕ್ಕದಲ್ಲಿ ಅದು ಸೊನ್ನೆ.

ಇಷ್ಟನ್ನು ಬರೆದು ಮಗಳಿಗೆ ಓದಿ ಹೇಳಿದೆ. ಅವಳು ಸುಮ್ಮನಿರುವವಳಲ್ಲ. "ಅಪ್ಪ, ನಿಮಗೆ ಸಾಲಿನಲ್ಲಿ ಕೂರಿಸಲು ಮುನ್ನೂರು ಮಕ್ಕಳಿದ್ದರು. ನನಗಿರುವುದು ಒಂದು. ಬೆಳಿಗ್ಗೆ ನನ್ನ ಕೈಲಿರುವುದು ನಲವತ್ತು ನಿಮಿಷ. ಡಬ್ಬಿ ತುಂಬಿ ಹೋದದ್ದು ತುಂಬಿಯೇ ವಾಪಸು ಬಂದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತದೆ. ಹತ್ತು ಸಲ ಕಾಯಿರಿ ಎಂದು ಹೇಳುವುದು ಸುಲಭ. ಆ ಹತ್ತು ಸಲವೂ ಅವಳು ಹಸಿದುಕೊಂಡೇ ಇರಬೇಕೇ?" ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ವಿದೇಶದಲ್ಲಿರುವ ನನ್ನ ವಿದ್ಯಾರ್ಥಿನಿಯೊಬ್ಬಳು, ಬಾಣಂತನಕ್ಕೆ ತಾಯಿ ಬರಲಾಗದೆ ಹೋದಾಗ ಮೆಂತ್ಯದ ಗಂಜಿಯನ್ನೂ ಮಗುವಿನ ರಾಗಿ ಸರಿಯನ್ನೂ ತನಗೆ ಅಂತರ್ಜಾಲವೇ ಕಲಿಸಿತೆಂದು ಹಿಂದೊಮ್ಮೆ ಬರೆದಿದ್ದಳು. ಅದನ್ನು ನಾನು ಮರೆತಿಲ್ಲ. ಆದ್ದರಿಂದ ನನ್ನ ಸಿಟ್ಟು ಹುಡುಕುವ ತಾಯಂದಿರ ಮೇಲಲ್ಲ. ಅವರ ಆತಂಕವನ್ನೇ ಬಂಡವಾಳ ಮಾಡಿಕೊಂಡವರ ಮೇಲೆ. ನಾನು ನೋಡಿದ ವಿಡಿಯೊಗಳಲ್ಲಿ ಬಹುಪಾಲು ಅಮ್ಮಂದಿರೇ ಎಂದು ಆರಂಭವಾಗುತ್ತಿದ್ದವು. ಅಪ್ಪಂದಿರೇ ಎಂದು ಒಂದೂ ಇರಲಿಲ್ಲ. ತಾತಂದಿರ ಮಾತಂತೂ ಬಿಡಿ. ನಿಮ್ಮ ಮಗು ತಿನ್ನುತ್ತಿಲ್ಲವೇ, ನಿಮ್ಮ ಮಗು ತೆಳ್ಳಗಿದೆಯೇ, ನೀವು ಎಲ್ಲಿ ತಪ್ಪಿದಿರಿ ಎಂದು ಮೊದಲು ಹೆದರಿಸುವುದು, ಆಮೇಲೆ ಕೋಕೋ ಪುಡಿಯ ಡಬ್ಬಿ ತೋರಿಸುವುದು. ನಡುನಡುವೆ ಜಾಹೀರಾತು.

ಎಲಿನ್ ಸ್ಯಾಟರ್ ಎಂಬ ಅಮೆರಿಕದ ಪೌಷ್ಟಿಕಾಹಾರ ತಜ್ಞೆ ಕಳೆದ ಶತಮಾನದ ಎಂಬತ್ತರ ದಶಕದಲ್ಲೇ ಈ ಆತಂಕಕ್ಕೆ ಒಂದು ಹಂಚಿಕೆಯನ್ನು ಸೂಚಿಸಿದ್ದರು: ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರಿಗೆ ಸೇರಿದ್ದು, ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಸೇರಿದ್ದು. ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದನ್ನೇ ಆಧರಿಸಿತ್ತು. ಡಬ್ಬಿಯಲ್ಲಿ ಅವಳು ಖಂಡಿತ ತಿನ್ನುವ ಒಂದು ಪದಾರ್ಥ ಇರಲಿ, ಚಿತ್ರಾನ್ನವೋ ಮೊಸರನ್ನವೋ. ಪಕ್ಕದಲ್ಲಿ ತಿನ್ನದ ತರಕಾರಿ ಎರಡೇ ಚೂರು, ಅದರ ಸ್ವಂತ ಬಣ್ಣದಲ್ಲಿ, ಸ್ವಂತ ಹೆಸರಿನಲ್ಲಿ ಇರಲಿ. ವಾಪಸು ಬಂದರೆ ಬರಲಿ. ಹಸಿವೂ ಇಲ್ಲ, ಸುಳ್ಳೂ ಇಲ್ಲ. ಮಗಳು ಅರ್ಧ ಒಪ್ಪಿದಳು.

ಅಂತರ್ಜಾಲದಲ್ಲಿ ಒಳ್ಳೆಯದೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಕ್ಕಿ ರೊಟ್ಟಿಯನ್ನು ತಟ್ಟಲು ನನಗೆ ಕಲಿಸಿದ್ದು ಒಬ್ಬ ಅಜ್ಜಿಯ ವಿಡಿಯೊ. ಅವರು ಆರೋಗ್ಯ ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ, ಮಕ್ಕಳಿಗೆ ಎಂದೂ ಹೇಳಲಿಲ್ಲ. ಹಿಟ್ಟು ಎಷ್ಟು, ನೀರು ಎಷ್ಟು ಬಿಸಿ, ಬಾಣಲೆ ಆರುವ ತನಕ ಎರಡನೆಯ ರೊಟ್ಟಿ ತಟ್ಟಬಾರದು, ತಟ್ಟಿದರೆ ಕೈ ಸುಡುತ್ತದೆ, ಇಷ್ಟೆ. (ಸುಟ್ಟುಕೊಂಡೆ.) ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಉಚಿತವಾಗಿ ಸಿಗುತ್ತದೆ, ಓದಲು ಸ್ವಲ್ಪ ನೀರಸ, ಆದರೆ ಅದು ಯಾರಿಗೂ ಕೋಕೋ ಮಾರುವುದಿಲ್ಲ. ನಾನು ಈಗ ಒಂದು ಪಾಕವನ್ನು ತೆರೆದೊಡನೆ ಮೊದಲು ಸಿಹಿ ಎಷ್ಟು ಗ್ರಾಂ ಎಂದು ನೋಡುತ್ತೇನೆ. ಆಮೇಲೆ, ಇದನ್ನು ನಾನೂ ನಮ್ಮ ಮನೆಯವರೂ ಊಟಕ್ಕೆ ತಿನ್ನುತ್ತೇವೆಯೇ ಎಂದು ಕೇಳಿಕೊಳ್ಳುತ್ತೇನೆ. ಗೊತ್ತೇ ಆಗುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಪುಟ್ಟಿಯ ವಿಷಯ ಕೇಳುತ್ತೀರೇನೋ. ಒಂದು ಭಾನುವಾರ ಹಸಿ ಬೀಟ್‌ರೂಟನ್ನು ಅವಳ ಮುಂದಿಟ್ಟು, ಹೆಚ್ಚಿ, ಆ ನೀರಿಗೆ ನಿಂಬೆರಸವನ್ನೂ ಅಡುಗೆ ಸೋಡಾವನ್ನೂ ಬೇರೆ ಬೇರೆ ಲೋಟದಲ್ಲಿ ಹಾಕಿ ಬಣ್ಣ ತೋರಿಸಿದೆ. ಕೈಯೆಲ್ಲ ಕೆಂಪು ಮಾಡಿಕೊಂಡು ಕುಣಿದಳು. ಒಂದು ಚೂರನ್ನು ನಾಲಿಗೆಗೆ ತಾಗಿಸಿ ಉಗುಳಿದಳು. ಇವತ್ತಿಗೂ ಬೀಟ್‌ರೂಟ್ ಪಲ್ಯವನ್ನು ಅವಳು ತಿನ್ನುವುದಿಲ್ಲ. ಅದರ ಪಾಡಿಗೆ ಅದು ತಟ್ಟೆಯ ಅಂಚಿನಲ್ಲಿ ಕೂತಿರುತ್ತದೆ, ತಟ್ಟೆಯನ್ನು ಮಾತ್ರ ದೂರ ತಳ್ಳುವುದಿಲ್ಲ. ಇಡ್ಲಿಯನ್ನು ಒಡೆದು ನೋಡುವುದನ್ನು ಬಿಟ್ಟಿದ್ದಾಳೆ.

ನಮ್ಮ ಮನೆಯವರ ಕೈ ಕೂಡಿದೆ, ಆದರೂ ಡಬ್ಬಿಯ ಕೆಲಸ ನನ್ನ ಬಳಿಯೇ ಉಳಿದಿದೆ. ನಾಳೆ ಅಕ್ಕಿ ರೊಟ್ಟಿ. ನಾನು ಇದನ್ನು ಬರೆಯುತ್ತಿರುವಾಗ ಪುಟ್ಟಿ ಅಡುಗೆಮನೆಯ ನೆಲದ ಮೇಲೆ ಕುಳಿತು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಾಳೆ. ಸೊಪ್ಪಿಗಿಂತ ಕಡ್ಡಿಯೇ ಹೆಚ್ಚು ಬೀಳುತ್ತಿರುವಂತೆ ಕಾಣುತ್ತಿದೆ. ಎದ್ದು ಹೋಗಿ ನೋಡಬೇಕು.